ಸಹಾಯದ ಹಣವೂ ಬಾಡಿಗೆಯ ಮನೆಯೂ

ಊರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಬಾಡಿಗೆಯ ವಿಷಯವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಸಂಬಳ ಕೈಗೆ ಬಂದ ದಿನ ಮೊದಲು ತೆಗೆದಿಡುವ ಹಣ ಅದು. ಹಬ್ಬದ ಬಟ್ಟೆಯನ್ನು ಮುಂದಿನ ತಿಂಗಳಿಗೆ ಹಾಕಬಹುದು, ತುಪ್ಪ ಹಾಲುಗಳಲ್ಲಿ ಹಿಡಿತ ಮಾಡಬಹುದು, ಊರಿನ ಮುದುಕರಿಗೆ ಕಳುಹಿಸುವ ಹಣದಲ್ಲಿ ಒಂದಿಷ್ಟು ಕಡಿಮೆ ಮಾಡಿ ಮನಸ್ಸಿನಲ್ಲೇ ಮರುಗಬಹುದು. ಖೋಲಿಯ ಬಾಡಿಗೆಯಲ್ಲಿ ಮಾತ್ರ ಒಂದು ಪೈಸೆಯನ್ನೂ ಉಳಿಸಲು ಬರುವುದಿಲ್ಲ. ಇದು ಸಂಬಳವಿದ್ದವರ ಮಾತಾಯಿತು. ಸಂಬಳವೇ ಇಲ್ಲದೆ, ಸರ್ಕಾರವೋ ಊರಿನ ಹಿರಿಯರೋ ಕೊಡುವ ಸಹಾಯದ ಹಣವನ್ನೇ ನಂಬಿ ಬಾಡಿಗೆಯ ಮನೆಯಲ್ಲಿರುವವರ ಪಾಡೇನು? ಅವರಿಗೆ ಸಿಗುವ ಮನೆ ಎಂಥದು? ಆ ಹಣ ಕೊನೆಗೆ ಯಾರ ಕೈ ಸೇರುತ್ತದೆ?

ಈ ಪ್ರಶ್ನೆಗಳಿಗೆ ಇನ್ನೂರು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿರುವ ದೇಶ ಇಂಗ್ಲೆಂಡು. ರಾಜ್ಯೋತ್ಸವದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬಡವರ ಬಾಡಿಗೆಯ ಕಥೆಯೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಮುಂಬಯಿಯ ಬಾಡಿಗೆ ಕಾಯಿದೆಯೂ, ನಮ್ಮ ಹಿರಿಯರು ಬಂದಿಳಿದ ಚಾಳುಗಳಲ್ಲಿ ಅನೇಕವೂ ಆ ಕಥೆಯ ಕವಲುಗಳೇ. ಅದು ಹೇಗೆಂಬುದು ಮುಂದೆ ತಿಳಿಯುತ್ತದೆ.

1795ನೆಯ ಇಸವಿಯ ಮೇ ತಿಂಗಳು. ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು, ಬೆಳೆ ಕೆಟ್ಟಿತ್ತು, ರೊಟ್ಟಿಯ ಬೆಲೆ ಕೂಲಿಕಾರನ ಕೈಗೆ ಎಟುಕದಂತಾಗಿತ್ತು. ಬರ್ಕ್‌ಷೈರ್ ಪ್ರಾಂತದ ಮ್ಯಾಜಿಸ್ಟ್ರೇಟರು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ, ಪೆಲಿಕನ್ ಎಂಬ ಒಂದು ವಸತಿಗೃಹದಲ್ಲಿ ಸಭೆ ಸೇರಿ, ರೊಟ್ಟಿಯ ಬೆಲೆ ಏರಿದಂತೆಲ್ಲ ಬಡ ಕುಟುಂಬಕ್ಕೆ ಪ್ಯಾರಿಷ್ಷಿನಿಂದ, ಅಂದರೆ ಇಗರ್ಜಿಗೆ ಸೇರಿದ ಗ್ರಾಮದ ನಿಧಿಯಿಂದ, ಇಷ್ಟಿಷ್ಟು ಹಣ ಕೂಡಿಸಿಕೊಡಬೇಕೆಂದು ಒಂದು ಪಟ್ಟಿ ಮಾಡಿದರು. ಉದ್ದೇಶ ಒಳ್ಳೆಯದೇ. ಇದರ ಜೊತೆಗೆ ಎಷ್ಟೋ ಪ್ಯಾರಿಷ್ಷುಗಳು ಬಡವರ ಮನೆಬಾಡಿಗೆಯನ್ನೂ ತಾವೇ ಕಟ್ಟುತ್ತಿದ್ದವು. ಆದದ್ದೇನು? ಬಾಡಿಗೆ ಕಟ್ಟುವವನು ಬಡವನಲ್ಲ, ಪ್ಯಾರಿಷ್ಷು ಎಂದು ಗೊತ್ತಾದೊಡನೆ ಗುಡಿಸಲುಗಳ ಬಾಡಿಗೆ ಏರಿತು. ಮುರುಕು ಗುಡಿಸಲು ಕಟ್ಟಿ ಬಡವರಿಗೆ ಕೊಡುವುದೇ ಒಂದು ಲಾಭದ ವ್ಯಾಪಾರವಾಯಿತು. ಹಣ ಹಂಚುವ ಮೇಲ್ವಿಚಾರಕರಲ್ಲೇ ಕೆಲವರು ಆ ಗುಡಿಸಲುಗಳ ಮಾಲಿಕರಾಗಿದ್ದರು! 1834ರಲ್ಲಿ ಬಡವರ ಕಾಯಿದೆಯ ವಿಚಾರಣಾ ಮಂಡಲಿ ತನ್ನ ವರದಿಯಲ್ಲಿ ಈ ಮಾತನ್ನು ಎತ್ತಿ ತೋರಿಸಿತು.

ರೋಗವನ್ನು ಸರಿಯಾಗಿ ಗುರುತಿಸಿದ ಮಂಡಲಿ ಕೊಟ್ಟ ಮದ್ದು ಮಾತ್ರ ಕ್ರೂರವಾದದ್ದು. ಮಾಲಿಕನನ್ನು ಹಿಡಿಯುವ ಬದಲು ಅದು ಬಡವನನ್ನು ಹಿಡಿಯಿತು. ಮೈಯಲ್ಲಿ ಕಸುವಿದ್ದವನು ಸಹಾಯ ಬೇಡಿದರೆ ಮನೆಯನ್ನೇ ಬಿಟ್ಟು ದುಡಿಮೆ ಮನೆಗೆ ಹೋಗತಕ್ಕದ್ದು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಆ ದುಡಿಮೆ ಮನೆಯ ಹೆಸರು ಕೇಳಿದರೆ ನಡುಗುತ್ತಿದ್ದ ಜನ ಎಂಥ ಹೊಲಸು ಕೋಣೆಯಾದರೂ ಸರಿ ಎಂದು ಪಟ್ಟಣಗಳ ನೆಲಮಾಳಿಗೆಗಳನ್ನು ಸೇರಿದರು. 1842ರಲ್ಲಿ ಎಡ್ವಿನ್ ಚಾಡ್ವಿಕ್ ದುಡಿಯುವ ವರ್ಗದ ಆರೋಗ್ಯದ ಸ್ಥಿತಿಯ ಮೇಲೆ ವರದಿ ಬರೆದು, ಹೊಲಸು ವಸತಿಯಿಂದ ರೋಗ, ರೋಗದಿಂದ ದಾರಿದ್ರ್ಯ ಎಂದು ಲೆಕ್ಕ ತೋರಿಸಿದನು. 1834ರ ಆ ಕಠಿಣ ವರದಿಯನ್ನು ಬರೆದವರಲ್ಲೂ ಇದೇ ಚಾಡ್ವಿಕ್ ಒಬ್ಬನಾಗಿದ್ದನು ಎಂಬುದನ್ನು ಗಮನಿಸಬೇಕು.

ಬಳಿಕ ಕಾಯಿದೆಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. 1885ರ ಶಾಸನ ಕಡಿಮೆ ಬಾಡಿಗೆಯ ಮನೆಗಳಿಗೆ ಒಂದು ಷರತ್ತು ಹಾಕಿತು: ಅಂಥ ಮನೆಯನ್ನು ಬಾಡಿಗೆಗೆ ಕೊಡುವವನು ಅದು ಮನುಷ್ಯರ ವಾಸಕ್ಕೆ ಯೋಗ್ಯವಾಗಿದೆ ಎಂದು ಮಾತು ಕೊಟ್ಟಂತೆಯೇ ಸರಿ, ಕರಾರಿನಲ್ಲಿ ಬರೆದಿರಲಿ ಬಿಡಲಿ. ನೋಡಲು ಎಷ್ಟು ಸುಂದರವಾದ ನಿಯಮ! ಇದರ ಗತಿ ಏನಾಯಿತೆಂಬುದನ್ನು ಕೊನೆಗೆ ನೋಡೋಣ.

ಈ ನಡುವೆ ಬಡವರ ಮನೆಯೊಳಗಿನ ಲೆಕ್ಕವನ್ನು ಕೇಳಿ ಬರೆದಿಟ್ಟವರು ಹೆಂಗಸರು. ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ವಾರಕ್ಕೆ ಸುಮಾರು ಒಂದು ಪೌಂಡು, ಎಂದರೆ 20 ಶಿಲಿಂಗ್, ಸಂಪಾದನೆಯ ಕುಟುಂಬಗಳ ಮನೆಗೆ ಫೇಬಿಯನ್ ಮಹಿಳಾ ಮಂಡಲಿಯವರು ವಾರವಾರವೂ ಹೋಗಿ ಖರ್ಚಿನ ಪುಸ್ತಕ ಬರೆಸಿದರು. ಮಾಡ್ ಪೆಂಬರ್ ರೀವ್ಸ್ ಅದನ್ನು 1913ರಲ್ಲಿ ಪುಸ್ತಕವಾಗಿ ಹೊರತಂದಳು. ಆ ಒಂದು ಪೌಂಡಿನಲ್ಲಿ ಏಳೆಂಟು ಶಿಲಿಂಗ್ ಬಾಡಿಗೆಗೇ ಹೋಗುತ್ತಿತ್ತು. ಬೆಳಕು ಗಾಳಿ ಇರುವ ಮೇಲಂತಸ್ತಿನ ಕೋಣೆ ಹಿಡಿದರೆ ಮಕ್ಕಳ ಊಟಕ್ಕೆ ಕೊರತೆ. ಊಟಕ್ಕೆ ಉಳಿಸಲೆಂದು ನೆಲಮಾಳಿಗೆ ಸೇರಿದರೆ ಮಕ್ಕಳಿಗೆ ಕೆಮ್ಮು, ಜ್ವರ. ತಾಯಂದಿರಿಗೆ ಲೆಕ್ಕ ಬರುವುದಿಲ್ಲ, ಮನೆ ನಡೆಸಲು ತಿಳಿಯದು ಎಂದು ಆಡಿಕೊಳ್ಳುತ್ತಿದ್ದ ದೊಡ್ಡ ಮನುಷ್ಯರಿಗೆ ಈ ಪುಸ್ತಕ ತಕ್ಕ ಉತ್ತರ ಕೊಟ್ಟಿತು. ಲೆಕ್ಕ ತಿಳಿಯದವರು ತಾಯಂದಿರಲ್ಲ.

ಇದಾದ ಎರಡು ವರ್ಷಕ್ಕೆ ಗ್ಲಾಸ್ಗೋ ನಗರದಲ್ಲಿ ಬೆಂಕಿ ಹತ್ತಿತು. ಮೊದಲನೆಯ ಮಹಾಯುದ್ಧ ನಡೆದಿತ್ತು. ಹಡಗು ಕಟ್ಟುವ, ಮದ್ದುಗುಂಡು ಮಾಡುವ ಕಾರ್ಖಾನೆಗಳಿಗೆ ಜನ ನೆರೆದಿದ್ದರು, ಮನೆಗಳು ಸಾಲವು. ಮಾಲಿಕರು ಬಾಡಿಗೆ ಏರಿಸಿದರು. ಗಂಡಸರು ರಣರಂಗದಲ್ಲಿ, ಹೆಂಡತಿಯರು ಸರ್ಕಾರ ಕೊಡುವ ಭತ್ಯದಲ್ಲಿ ಜೀವ ಹಿಡಿದವರು; ಅಂಥವರನ್ನೂ ಬಾಕಿಗಾಗಿ ಹೊರಹಾಕಲು ಹೊರಟರು. ಗೋವನ್ ಭಾಗದ ಮೇರಿ ಬಾರ್ಬರ್ ಎಂಬ ಗೃಹಿಣಿ ನೆರೆಹೊರೆಯ ಹೆಂಗಸರನ್ನು ಕೂಡಿಸಿದಳು. ಅಮೀನ ಬಂದನೆಂದರೆ ಗಂಟೆ ಬಾರಿಸುವುದು, ಗಂಟೆ ಕೇಳಿದವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಮೆಟ್ಟಿಲು ತುಂಬ ನಿಲ್ಲುವುದು, ಬಂದವನ ಮೇಲೆ ಹಿಟ್ಟು ಎಸೆಯುವುದು! ಸುಮಾರು ಇಪ್ಪತ್ತು ಸಾವಿರ ಮನೆಗಳವರು ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ಕುಳಿತರು. 1915ರ ನವೆಂಬರ್ 17ರಂದು ಕೆಲವರ ಮೇಲೆ ಹೂಡಿದ ದಾವೆ ಕೋರ್ಟಿಗೆ ಬಂದಾಗ ಕೆಲಸಗಾರರು ಸಾವಿರಗಟ್ಟಲೆಯಾಗಿ ಬೀದಿಗಿಳಿದರು, ದಾವೆ ಬಿದ್ದುಹೋಯಿತು. ಡಿಸೆಂಬರ್ ಮುಗಿಯುವುದರೊಳಗೆ ಪಾರ್ಲಿಮೆಂಟು ಶಾಸನ ಮಾಡಿ ಬಾಡಿಗೆಯನ್ನು 1914ರ ಆಗಸ್ಟಿನ ಮಟ್ಟಕ್ಕೆ ಕಟ್ಟಿಹಾಕಿತು.

ಇಲ್ಲಿಯೇ ನಮ್ಮ ಮುಂಬಯಿಯ ನಂಟು ಬರುವುದು. 1896ರಲ್ಲಿ ಇಲ್ಲಿ ಪ್ಲೇಗು ಬಡಿದು, 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತಷ್ಟೆ. ಅದನ್ನು ರಚಿಸಿದವರ ಕಣ್ಣ ಮುಂದಿದ್ದ ಮಾದರಿ ಗ್ಲಾಸ್ಗೋ ನಗರದ 1866ರ ಟ್ರಸ್ಟು. ಗ್ಲಾಸ್ಗೋ ಹೆಂಗಸರು ಗೆದ್ದ ಬಾಡಿಗೆ ನಿಯಂತ್ರಣದ ಬಗೆಯದೇ ಶಾಸನ ಮೂರು ವರ್ಷ ಕಳೆದು, 1918ರಲ್ಲಿ, ಮುಂಬಯಿಗೂ ಬಂತು. ಅನಂತರ 1920ರ ದಶಕದಲ್ಲಿ ಡೆವಲಪ್‌ಮೆಂಟ್ ಡೈರೆಕ್ಟೊರೇಟಿನವರು ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಚಾಳುಗಳನ್ನು ಎಬ್ಬಿಸಿದರು. ಬಿ.ಡಿ.ಡಿ. ಚಾಳು ಎಂದರೆ ಈ ನಗರದ ಕನ್ನಡಿಗರಲ್ಲಿ ತಿಳಿಯದವರು ಕಡಿಮೆ. 160 ಚದರಡಿಯ ಒಂದು ಖೋಲಿ, ಸಾಲಿಗೆಲ್ಲ ಸೇರಿ ಮೂಲೆಯಲ್ಲಿ ಶೌಚ. ಅಷ್ಟರಲ್ಲೇ ಊರಿನಿಂದ ಬಂದ ತಮ್ಮ, ಭಾವಮೈದ, ಪರಿಚಯದ ಹುಡುಗ ಎಲ್ಲರಿಗೂ ಚಾಪೆಯ ಜಾಗ ಸಿಗುತ್ತಿತ್ತೆಂಬುದು ಬೇರೆ ಮಾತು.

ಇಂಗ್ಲೆಂಡಿಗೆ ಮರಳೋಣ. 1931ರಲ್ಲಿ ಉದ್ಯೋಗವಿಲ್ಲದವರ ಸಹಾಯಕ್ಕೆ ಮನೆಯ ಸಮಸ್ತ ಆದಾಯವನ್ನೂ ಜಾಲಾಡುವ ಪದ್ಧತಿ ಬಂತು. ಅಧಿಕಾರಿ ಮನೆಗೆ ಬಂದು, ಮಗಳ ಸಂಬಳವೆಷ್ಟು, ಅಜ್ಜನ ಪಿಂಚಣಿಯೆಷ್ಟು ಎಂದು ಕೇಳಿ ಅಷ್ಟನ್ನು ಮನೆಯ ಯಜಮಾನನ ಸಹಾಯದಿಂದ ಕಳೆಯುವನು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1936ರಲ್ಲಿ ಉತ್ತರ ಇಂಗ್ಲೆಂಡಿನ ಗಣಿ ಊರುಗಳಲ್ಲಿ ತಿರುಗಾಡಿ ಇದನ್ನು ಕಣ್ಣಾರೆ ಕಂಡನು. ಮನೆಯಲ್ಲಿ ಮುದುಕನಿದ್ದರೆ ಮಗನ ಸಹಾಯಧನ ಕಡಿಮೆಯಾಗುತ್ತದೆ ಎಂದು ಮುದುಕ ತಾನಾಗಿ ಹೊರಬಿದ್ದು ಯಾವುದೋ ಹೊಲಸು ಬಾಡಿಗೆ ಕೋಣೆ ಸೇರಿ, ತನ್ನ ಪಿಂಚಣಿಯನ್ನು ಆ ಮನೆಯೊಡತಿಯ ಕೈಗೆ ಹಾಕಿ ಅರೆಹೊಟ್ಟೆಯಲ್ಲಿ ದಿನ ಕಳೆಯುವನು. ಸರ್ಕಾರ ಉಳಿಸಿದ ಕೆಲವು ಶಿಲಿಂಗ್‌ಗಾಗಿ ಒಂದು ಸಂಸಾರ ಒಡೆಯಿತು. ಗೋಡೆಯಲ್ಲಿ ತೇವ, ಕಿಟಕಿ ತೆರೆಯದು, ಮಾಳಿಗೆ ಸೋರುವುದು, ಮಾಲಿಕ ರಿಪೇರಿ ಮಾಡನು ಎಂದು ಮನೆಮನೆಯ ವಿವರವನ್ನು ಅವನು ಟಿಪ್ಪಣಿ ಮಾಡಿಕೊಂಡ ರೀತಿಯನ್ನು ನೋಡಿದರೆ, ಅವನೊಬ್ಬ ಕಾದಂಬರಿಕಾರನೋ ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರನೋ ಎಂದು ಅನುಮಾನ ಬರುತ್ತದೆ.

ಇನ್ನು ವಿಲಿಯಂ ಬೆವರಿಜ್. ಇವನೂ ನಮ್ಮ ನೆಲದಲ್ಲಿ ಹುಟ್ಟಿದವನೇ. 1879ರಲ್ಲಿ ಬಂಗಾಳದ ರಂಗಪುರದಲ್ಲಿ. ತಂದೆ ಐ.ಸಿ.ಎಸ್. ನ್ಯಾಯಾಧೀಶ, ತಾಯಿ ಬಾಬರನಾಮೆಯನ್ನು ಇಂಗ್ಲಿಷಿಗೆ ತಂದ ವಿದುಷಿ. 1942ರ ಕೊನೆಗೆ ಪ್ರಕಟವಾದ ಇವನ ವರದಿ ಹುಟ್ಟಿನಿಂದ ಸಾವಿನವರೆಗೆ ಪ್ರಜೆಯನ್ನು ಕಾಯುವ ವಿಮಾ ಯೋಜನೆಯೊಂದನ್ನು ಲೋಕದ ಮುಂದಿಟ್ಟಿತು. ಅಷ್ಟು ದೊಡ್ಡ ಬುದ್ಧಿಯೂ ಒಂದು ಕಡೆ ತೊಡಕಿತು. ಅದು ಬಾಡಿಗೆಯ ಕಡೆ. ವರದಿಯಲ್ಲಿ ಬಾಡಿಗೆಯ ಸಮಸ್ಯೆಗೆಂದೇ ಒಂದು ಭಾಗವಿದೆ. ಊಟ ಬಟ್ಟೆಗಳ ಖರ್ಚು ದೇಶದಲ್ಲೆಲ್ಲ ಹೆಚ್ಚು ಕಡಿಮೆ ಒಂದೇ. ಬಾಡಿಗೆಯೋ, ಲಂಡನ್ನಿನಲ್ಲಿ ಒಂದು, ಹಳ್ಳಿಯಲ್ಲಿ ಇನ್ನೊಂದು, ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು. ಎಲ್ಲರೂ ಒಂದೇ ಸಮನಾದ ವಂತಿಗೆ ಕೊಟ್ಟು ಒಂದೇ ಸಮನಾದ ಸಹಾಯ ಪಡೆಯಬೇಕೆಂಬುದು ಅವನ ತತ್ತ್ವ. ಆ ತತ್ತ್ವಕ್ಕೆ ಬಾಡಿಗೆ ಒಗ್ಗಲಿಲ್ಲ. ಎರಡೂ ಪಕ್ಷಗಳನ್ನು ತೂಗಿ ನೋಡಿ, ಕೊನೆಗೆ ಒಂದು ಕುಟುಂಬಕ್ಕೆ ವಾರಕ್ಕೆ 10 ಶಿಲಿಂಗ್ ಎಂದು ಸರಾಸರಿ ಹಿಡಿದು ಮುಂದೆ ಹೋದನು.

ಫಲವೇನೆಂಬುದನ್ನು ಅಂಕಿಗಳೇ ಹೇಳುತ್ತವೆ. 1948ರ ಜುಲೈ 5ರಂದು ಹೊಸ ವ್ಯವಸ್ಥೆ ಜಾರಿಗೆ ಬಂತು. ದುಡಿದು ವಂತಿಗೆ ಕಟ್ಟಿದ ವೃದ್ಧ ದಂಪತಿಗಳಿಗೆ ಪಿಂಚಣಿ ವಾರಕ್ಕೆ 42 ಶಿಲಿಂಗ್, ಬಾಡಿಗೆಯೂ ಅದರಲ್ಲೇ. ಗತಿಯಿಲ್ಲದವರಿಗೆ ರಾಷ್ಟ್ರೀಯ ಸಹಾಯ ಮಂಡಲಿ ಕೊಡುತ್ತಿದ್ದುದು ದಂಪತಿಗಳಿಗೆ 40 ಶಿಲಿಂಗ್, ಅದರ ಮೇಲೆ ಬಾಡಿಗೆ ಬೇರೆ. ಎಂದರೆ, ಬಾಡಿಗೆ ವಾರಕ್ಕೆ 2 ಶಿಲಿಂಗ್ ದಾಟಿದ ಮನೆಯ ಮುದುಕರು, ಬೇರೆ ವರಮಾನವಿಲ್ಲದಿದ್ದರೆ, ಪಿಂಚಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಹಾಯ ಮಂಡಲಿಯ ಬಾಗಿಲಿಗೂ ಹೋಗಬೇಕು. 2 ಶಿಲಿಂಗ್‌ಗೆ ಯಾವ ಊರಿನಲ್ಲಿ ಮನೆ ಸಿಕ್ಕೀತು? ಬಾಳೆಲ್ಲ ದುಡಿದವರೂ ಕೈಚಾಚದೆ ಬಾಳಲೆಂದು ಹೂಡಿದ ಯೋಜನೆ ಬಾಡಿಗೆಯೊಂದರ ದೆಸೆಯಿಂದ ಮೊದಲ ದಿನವೇ ಕುಂಟಿತು.

ಆದರೂ ಆ ಕಾಲದಲ್ಲಿ ಒಂದು ಧೈರ್ಯವಿತ್ತು. ನಗರಸಭೆಗಳು ತಾವೇ ಮನೆ ಕಟ್ಟಿಸುತ್ತಿದ್ದವು, ಖಾಸಗಿ ಬಾಡಿಗೆಗೆ ಕಡಿವಾಣವಿತ್ತು. 1957ರ ಶಾಸನ ಆ ಕಡಿವಾಣವನ್ನು ಸಡಿಲಿಸಿತು. ದೊಡ್ಡ ಮನೆಗಳಿಗೆ ನಿಯಂತ್ರಣ ತಪ್ಪಿತು. ಸಣ್ಣ ಮನೆಗಳಲ್ಲಿ ಹಳೆಯ ಬಾಡಿಗೆದಾರ ಇರುವತನಕ ಹಳೆಯ ಬಾಡಿಗೆ, ಅವನು ಬಿಟ್ಟರೆ ಮಾಲಿಕ ಕೇಳಿದಷ್ಟು. ಈ ಒಂದು ವಾಕ್ಯದಲ್ಲೇ ಕಿಡಿಗೇಡಿತನಕ್ಕೆ ಬಾಗಿಲು ತೆರೆದಿತ್ತು. ಹಳೆಯ ಬಾಡಿಗೆದಾರನನ್ನು ಹೊರಗಟ್ಟಿದರೆ ಮನೆಗೆ ಎರಡು ಮೂರು ಪಾಲು ಬೆಲೆ! ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಪೀಟರ್ ರ್‍ಯಾಕ್‌ಮನ್ ಎಂಬಾತ, ತಾನೂ ಪೋಲೆಂಡಿನಿಂದ ನಿರಾಶ್ರಿತನಾಗಿ ಬಂದವನು, ಹಳೆಯ ಬಾಡಿಗೆದಾರರನ್ನು ಪುಂಡರಿಂದ ಹೆದರಿಸಿ ಓಡಿಸಿ, ಬೇರೆಲ್ಲೂ ಮನೆ ಸಿಗದ ವಲಸೆಗಾರರನ್ನು ಕೋಣೆಕೋಣೆಗೆ ತುಂಬಿ ದುಬಾರಿ ಬಾಡಿಗೆ ವಸೂಲು ಮಾಡಿದನು. ಆಗ ಕರಿಯರಿಗೆ ಮನೆಯಿಲ್ಲ ಎಂದು ಲಂಡನ್ನಿನಲ್ಲಿ ಫಲಕ ಹಾಕುತ್ತಿದ್ದರು. ವೆಸ್ಟ್ ಇಂಡೀಸಿನವರಿಗೂ ನಮ್ಮ ದೇಶದವರಿಗೂ ಇಂಥ ಮಾಲಿಕರೇ ಗತಿ. ಪರಸ್ಥಳದಲ್ಲಿ ಜಾತಿಯನ್ನೋ ಭಾಷೆಯನ್ನೋ ಕೇಳಿ ಬಾಗಿಲು ಮುಚ್ಚುವವರನ್ನು ಕಂಡವರಿಗೆ ಇದು ಹೊಸದೆನಿಸಲಾರದು. ರ್‍ಯಾಕ್‌ಮನ್ 1962ರಲ್ಲಿ ಸತ್ತನು. ಮರುವರ್ಷ ಬೇರೊಂದು ರಾಜಕೀಯ ಹಗರಣದ ಬಾಲ ಹಿಡಿದು ಅವನ ಕಥೆ ಹೊರಬಂತು. ಅವನ ಹೆಸರೇ ಇಂಗ್ಲಿಷ್ ನಿಘಂಟಿನಲ್ಲಿ ಇಂಥ ಸುಲಿಗೆಗೆ ಪದವಾಗಿ ಸೇರಿತು. 1965ರಲ್ಲಿ ಬಾಡಿಗೆದಾರನಿಗೆ ಭದ್ರತೆಯನ್ನೂ, ಅಧಿಕಾರಿ ಗೊತ್ತುಮಾಡುವ ನ್ಯಾಯವಾದ ಬಾಡಿಗೆಯನ್ನೂ ಕೊಡುವ ಶಾಸನ ಬಂತು.

ಬಾಡಿಗೆಯನ್ನು ಕಟ್ಟಿಹಾಕಿದೊಡನೆ ಎಲ್ಲ ಸರಿಹೋಯಿತೆಂದು ವಾಚಕರು ತಿಳಿಯಬಾರದು. ಅದಕ್ಕೆ ಸಾಕ್ಷಿಯಾಗಿ ನಮ್ಮ ಮುಂಬಯಿಯೇ ಇದೆ. ಇಲ್ಲಿ 1947ರ ಕಾಯಿದೆ ಬಾಡಿಗೆಯನ್ನು 1940ರ ಮಟ್ಟದಲ್ಲಿ ನಿಲ್ಲಿಸಿತು. ಬಾಡಿಗೆದಾರನನ್ನು ಬೀದಿಗೆ ಹಾಕುವುದು ಕಷ್ಟವಾಯಿತು, ಅದು ನಿಜವಾದ ಉಪಕಾರ. ಇತ್ತ ಮಾಲಿಕ, ಈ ಬಾಡಿಗೆಯಲ್ಲಿ ರಿಪೇರಿ ಎಲ್ಲಿಂದ ಎಂದು ಕೈಕಟ್ಟಿ ಕುಳಿತನು. ಪಗಡಿಯೆಂಬ ಒಳವ್ಯವಹಾರ ಬೆಳೆಯಿತು. ಮಳೆಗಾಲ ಬಂತೆಂದರೆ ಹಳೆಯ ಚಾಳುಗಳು ಕುಸಿಯತೊಡಗಿದವು. 1969ರಲ್ಲಿ ಶಾಸನ ಮಾಡಿ, ಕಟ್ಟಡಗಳ ಮೇಲೆ ತೆರಿಗೆ ಹಾಕಿ, ರಿಪೇರಿಗೆಂದೇ ಒಂದು ಮಂಡಲಿಯನ್ನು ಸ್ಥಾಪಿಸಬೇಕಾಯಿತು. ಗಿರಣಿಯಿಂದಲೋ ಕಂಪನಿಯಿಂದಲೋ ನಿವೃತ್ತನಾದವನ ಪಾಡನ್ನು ನೋಡಿ. 2014ರ ಸೆಪ್ಟೆಂಬರಿನಲ್ಲಿ ಕಾರ್ಮಿಕರ ಪಿಂಚಣಿ ಯೋಜನೆಯಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ. ಅಂಥವನು ಈ ನಗರದಲ್ಲಿ ಉಳಿದುಕೊಂಡಿದ್ದರೆ ಅದು ಪಿಂಚಣಿಯ ಬಲದಿಂದಲ್ಲ, ಹಳೆಯ ಬಾಡಿಗೆಯ ಬಲದಿಂದ. ಮಾಳಿಗೆ ಸೋರಿದರೂ ಅವನು ಆ ಖೋಲಿಯನ್ನು ಬಿಡದಿರುವುದಕ್ಕೆ ಕಾರಣವೂ ಅದೇ.

ಇಂಗ್ಲೆಂಡು 1988ರಲ್ಲಿ ನೇರ ಎದುರು ದಿಕ್ಕಿಗೆ ಹೊರಳಿತು. ಅಲ್ಲಿಂದ ಮುಂದಿನ ಖಾಸಗಿ ಬಾಡಿಗೆಗಳಿಗೆ ಮಿತಿಯಿಲ್ಲವೆಂದಾಯಿತು. ನಿಗದಿತ ಅವಧಿ ಮುಗಿದ ಮೇಲೆ ಕಾರಣವನ್ನೇ ಹೇಳದೆ, ಎರಡು ತಿಂಗಳ ನೋಟೀಸು ಕೊಟ್ಟು ಮನೆ ಬಿಡಿಸಬಹುದೆಂದಾಯಿತು. ಅದಕ್ಕೂ ಮೊದಲೇ ನಗರಸಭೆಯ ಮನೆಗಳನ್ನು ಅಲ್ಲಿದ್ದವರಿಗೇ ಮಾರುವ 1980ರ ಶಾಸನ ಜಾರಿಯಲ್ಲಿತ್ತು. ಹಾಗಾದರೆ ಬಡವರ ಗತಿ? ಬಾಡಿಗೆ ಏರಿದರೆ ಆ ಭಾರವನ್ನು ವಸತಿ ಸಹಾಯಧನ ಹೊರುತ್ತದೆ ಎಂಬರ್ಥದ ಮಾತನ್ನು 1991ರಲ್ಲಿ ಮಂತ್ರಿಯೊಬ್ಬರು ಪಾರ್ಲಿಮೆಂಟಿನಲ್ಲೇ ಆಡಿದರು. ಸ್ಪೀನ್‌ಹ್ಯಾಮ್‌ಲ್ಯಾಂಡಿನ ಗುಡಿಸಲು ಮಾಲಿಕರು ಸಂತೋಷದಿಂದ ಒಪ್ಪುವ ಮಾತಲ್ಲವೆ ಅದು? ಹಿಂದೆ ಮನೆ ಕಟ್ಟಲು ಹೋಗುತ್ತಿದ್ದ ಸರ್ಕಾರದ ಹಣ ಈಗ ಬಾಡಿಗೆ ಕಟ್ಟಲು ಹೋಯಿತು. ಬಾಡಿಗೆದಾರನ ಹೆಸರಿನಲ್ಲಿ ಮಂಜೂರಾದದ್ದು ಮಾಲಿಕನ ಖಾತೆ ಸೇರಿತು. ಗೋಡೆಯ ಬೂಷ್ಟು ಹಾಗೆಯೇ ಇತ್ತು. ಆ ಬೂಷ್ಟಿನ ಬಗ್ಗೆ ದೂರು ಕೊಟ್ಟವನಿಗೆ ಎರಡು ತಿಂಗಳ ನೋಟೀಸು ಬರುವ ಭಯ. ಅದರಿಂದ ಅವನು ಸುಮ್ಮನಿದ್ದನು.

ಖರ್ಚು ಬೆಳೆದಾಗ ಸರ್ಕಾರ ಕತ್ತರಿ ಹಿಡಿದದ್ದು ಪುನಃ ಬಡವನ ಪಾಲಿಗೇ. 2008ರಿಂದ ಖಾಸಗಿ ಮನೆಗಳಿಗೆ ಆಯಾ ಊರಿನ ಬಾಡಿಗೆಗಳ ನಡುಮಟ್ಟದಷ್ಟು ಸಹಾಯವೆಂದಿದ್ದುದನ್ನು 2011ರಲ್ಲಿ ಹತ್ತು ಮನೆಗಳಲ್ಲಿ ಅತಿ ಅಗ್ಗದ ಮೂರು ಮನೆಗಳ ಮಟ್ಟಕ್ಕೆ ಇಳಿಸಿದರು. 2016ರಿಂದ ನಾಲ್ಕು ವರ್ಷ ಅದನ್ನೂ ಏರಿಸದೆ ನಿಲ್ಲಿಸಿದರು. ಬಾಡಿಗೆ ನಿಲ್ಲಲಿಲ್ಲ. ನಡುವಿನ ಅಂತರವನ್ನು ಬಾಡಿಗೆದಾರ ತನ್ನ ಊಟದ ಹಣದಿಂದ ತುಂಬಿದನು, ಲ್ಯಾಂಬೆತ್ತಿನ ತಾಯಂದಿರು 1913ರಲ್ಲಿ ತುಂಬಿದ ಹಾಗೆಯೇ. ಸರ್ಕಾರದ ಸಹಾಯ ಪಡೆಯುವವರಿಗೆ ಮನೆಯಿಲ್ಲ ಎಂದು ಜಾಹೀರಾತು ಹಾಕುವ ಚಾಳಿಯೂ ಇತ್ತು. ಅದಕ್ಕೆ ‘ನೋ ಡಿ.ಎಸ್.ಎಸ್.’ ಎಂದು ಮೂರಕ್ಷರದ ಗುರುತು. ಆ ಮೂರಕ್ಷರದ ಸರ್ಕಾರಿ ಇಲಾಖೆ 2001ರಲ್ಲೇ ಇಲ್ಲವಾಯಿತು, ಫಲಕ ಮಾತ್ರ ಉಳಿಯಿತು! 2020ರ ಜುಲೈಯಲ್ಲಿ ಯಾರ್ಕ್ ನಗರದ ಕೋರ್ಟೊಂದು ಇಂಥ ಸಾರಾಸಗಟು ನಿಷೇಧ ಹೆಂಗಸರಿಗೂ ಅಂಗವಿಕಲರಿಗೂ ಮಾಡುವ ಭೇದಭಾವವಾಗುತ್ತದೆ, ಆದುದರಿಂದ ಶಾಸನಬಾಹಿರ ಎಂದು ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ರೋಚ್‌ಡೇಲ್ ಊರಿನಲ್ಲಿ ಎರಡು ವರ್ಷದ ಮಗುವೊಂದು ಮನೆಯ ಬೂಷ್ಟಿನಿಂದಾದ ಉಸಿರಾಟದ ರೋಗದಿಂದ ಸತ್ತಿತು. ಆ ಮನೆ ಖಾಸಗಿ ಮಾಲಿಕನದಲ್ಲ, ಲಾಭದ ಉದ್ದೇಶವಿಲ್ಲದ ವಸತಿ ಸಂಸ್ಥೆಯದು. ತಂದೆತಾಯಿಗಳು ಮತ್ತೆ ಮತ್ತೆ ದೂರು ಕೊಟ್ಟಿದ್ದರು.

ಈಗ 1885ರ ಆ ಸುಂದರ ನಿಯಮದ ಗತಿ. ಅದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತೆಂದೆನಲ್ಲವೆ? 1957ರಲ್ಲಿ ಆ ಮಿತಿಯನ್ನು ಲಂಡನ್ನಿನಲ್ಲಿ ವರ್ಷಕ್ಕೆ 80 ಪೌಂಡು, ಹೊರಗೆ 52 ಪೌಂಡು ಎಂದು ಗೊತ್ತುಮಾಡಿದರು. ಆಮೇಲೆ ಅದನ್ನು ಏರಿಸಲೇ ಇಲ್ಲ. ವಾರಕ್ಕೆ ಒಂದು ಪೌಂಡಿಗೆ ಮನೆ ಸಿಗುವ ಕಾಲ ಹೋಗಿ ಎಷ್ಟೋ ವರ್ಷವಾದರೂ, ಅಂಥ ಮನೆ ವಾಸಯೋಗ್ಯವಾಗಿರಬೇಕೆಂಬ ನಿಯಮ ಪುಸ್ತಕದಲ್ಲಿ ಭದ್ರವಾಗಿ ಕುಳಿತಿತ್ತು. ಮಿತಿಯನ್ನು ಬದಿಗಿಟ್ಟು, ಬಾಡಿಗೆ ಎಷ್ಟೇ ಇರಲಿ ಮನೆ ವಾಸಕ್ಕೆ ಯೋಗ್ಯವಾಗಿರತಕ್ಕದ್ದೆಂದು ಹೇಳುವ ಶಾಸನವನ್ನು ಪಾರ್ಲಿಮೆಂಟಿನ ಸದಸ್ಯೆಯೊಬ್ಬರು ಹಟ ಹಿಡಿದು 2018ರಲ್ಲಿ ಪಾಸು ಮಾಡಿಸಿದರು. 2019ರ ಮಾರ್ಚ್ 20ರಿಂದ ಅದು ಇಂಗ್ಲೆಂಡಿನಲ್ಲಿ ಜಾರಿಗೆ ಬಂತು. ಕೋರ್ಟಿಗೆ ಹೋಗಬೇಕಾದವನು ಬಾಡಿಗೆದಾರನೇ. ಎರಡು ತಿಂಗಳ ನೋಟೀಸಿನ ಭಯ ಆಗಲೂ ಹೋಗಿರಲಿಲ್ಲ. ಕಾರಣ ಹೇಳದೆ ಮನೆ ಬಿಡಿಸುವ ಆ ಪದ್ಧತಿಯನ್ನು ತೆಗೆದುಹಾಕುವ ಶಾಸನಕ್ಕೆ ಅಂಕಿತ ಬಿದ್ದದ್ದು 2025ರ ಅಕ್ಟೋಬರ್ 27ರಂದು.